ಎರಡು ಬೆರಳಿನ ಹಸಿರು ಪಟ್ಟಿ

ಕಳೆದ ವಾರ ಮಗಳು ಅಟ್ಟದ ಮೇಲಿನ ಟ್ರಂಕು ಇಳಿಸಿ ಹಳೆಯ ಜಮಖಾನೆಯನ್ನು ಬಿಸಿಲಿಗೆ ಹರವಿದಳು. ಮೊದಲು ಡಾಂಬರು ಗುಳಿಗೆಯ ವಾಸನೆ ಬಂತು. ಬಿಸಿಲು ಏರಿದ ಮೇಲೆ ಅದರ ಕೆಳಗಿನಿಂದ ಇನ್ನೊಂದು ವಾಸನೆ ಎದ್ದಿತು... ನೂಲಿಗೆ ಹಾಕುವ ಗಂಜಿ, ಬಣ್ಣದ ಹಂಡೆ, ಹಳೆಯ ಗೋದಾಮಿನ ಧೂಳು. ನಾನು ಪೇಪರು ಮಡಿಚಿಟ್ಟು ಅದರ ಹತ್ತಿರ ಹೋಗಿ ಕೂತೆ. ಕೆಂಪು, ನೀಲಿ, ಬಿಳಿ, ಎಲ್ಲ ಪಟ್ಟಿಗಳೂ ನಾಲ್ಕು ಬೆರಳು ಅಗಲ. ಒಂದು ಹಸಿರು ಪಟ್ಟಿ ಮಾತ್ರ ಎರಡೇ ಬೆರಳು. ಇದೊಂದು ಯಾಕೆ ಹೀಗಾಯಿತು ಎಂದು ಮಗಳು ಕೇಳಿದಳು. ನೇಯುವಾಗ ನಡುವೆ ನಿಂತಿತು ಎಂದು ಹೇಳಿದೆ.

ಎಪ್ಪತ್ತರ ದಶಕ ಶುರುವಾದ ಹೊತ್ತು. ನಮ್ಮ ಮನೆತನದಲ್ಲಿ ಬಿ.ಎ. ಮಾಡಿದವನು ನಾನೇ ಮೊದಲಿಗ. ಇಂಡಿ ಕಡೆಯ ಹಳ್ಳಿ ನಮ್ಮದು. ಅಪ್ಪ ಕಡೆಯ ತನಕ ಹೆಬ್ಬೆಟ್ಟು ಒತ್ತಿದವನು. ಚಿಮಣಿ ಬುಡ್ಡಿಯ ಮುಂದೆ ಕೂತು, ಊಟಕ್ಕೆ ಅವರಿವರ ಮನೆ ಹಿಡಿದು ಓದಿದ್ದೆ. ಆ ಹೆಮ್ಮೆ ನನಗೆ ಇವತ್ತಿಗೂ ಇದೆ, ಮುಚ್ಚಿಡುವುದಿಲ್ಲ. ಮೊದಲ ನೌಕರಿ ಸಿಕ್ಕಿದ್ದು ಬಸವನ ಬಾಗೇವಾಡಿಯ ಅಂಚಿಗೆ, ಹಳೆಯ ಹತ್ತಿ ಗೋದಾಮೊಂದರಲ್ಲಿ ನಡೆಯುತ್ತಿದ್ದ ರಿಮಾಂಡ್ ಹೋಮಿನಲ್ಲಿ. ಸಣ್ಣಪುಟ್ಟ ಕಳವಿನಲ್ಲಿ ಸಿಕ್ಕಿಬಿದ್ದ ಹುಡುಗರನ್ನು ವಿಚಾರಣೆ ಮುಗಿಯುವ ತನಕ ಅಲ್ಲಿ ಇಡುತ್ತಿದ್ದರು. ಆ ಹುಡುಗರ ಊರಿಗೆ ಹೋಗಿ, ಮನೆ ನೋಡಿ, ವರದಿ ಬರೆಯುವುದು ನನ್ನ ಕೆಲಸ. ನೋಡಿಕೊಳ್ಳುವವರು ಇದ್ದಾರೆ ಎಂದು ಬರೆದರೆ ಹುಡುಗ ಮನೆಗೆ ಹೋಗುತ್ತಿದ್ದ. ಇಲ್ಲ ಎಂದು ಬರೆದರೆ ದೂರದ ಸರ್ಟಿಫೈಡ್ ಶಾಲೆ ಎಂಬ ಸುಧಾರಣಾ ಶಾಲೆಗೆ, ಹದಿನೆಂಟು ತುಂಬುವ ತನಕ.

ಅಲ್ಲಿ ಹುಡುಗರಿಗೆ ಮಗ್ಗ ಕಲಿಸುವ ಒಬ್ಬ ನೇಯ್ಗೆ ಮಾಸ್ತರರಿದ್ದರು. ಅರವತ್ತರ ಹತ್ತಿರದ ವಯಸ್ಸು, ಬಿಳಿ ಟೊಪ್ಪಿಗೆ, ಹೂವು ಬಿದ್ದು ಮಂಜಾದ ಎಡಗಣ್ಣು. ಉಳಿದವರೆಲ್ಲ ನನ್ನನ್ನು ಸಾಹೇಬರೆಂದರೆ ಅವರೊಬ್ಬರು "ತಮ್ಮಾ" ಎನ್ನುತ್ತಿದ್ದರು. ಹೊಸ ಹುಡುಗ ಬಂದ ವಾರಕ್ಕೆ ಅವನ ಮುಂದೆ ನೂಲಿನ ಲಡಿಗಳನ್ನಿಟ್ಟು ಒಂದು ಬಣ್ಣ ಆರಿಸಿಕೋ ಅನ್ನುವರು. ಆ ಬಣ್ಣದಲ್ಲಿ ನಾಲ್ಕು ಬೆರಳಿನ ಒಂದು ಪಟ್ಟಿಯನ್ನು ಅವನೇ ನೇಯ್ದು ಮುಗಿಸಬೇಕು. ಹೀಗೆ ಹತ್ತಾರು ಹುಡುಗರ ಕೈ ಸೇರಿ ಒಂದು ಜಮಖಾನೆ ಆಗುತ್ತಿತ್ತು.

ಚಿಕ್ಕಂದಿನಲ್ಲಿ ತಾವೂ ಇಂಥದೇ ಗೋಡೆಯೊಳಗೆ ಬೆಳೆದವರು ಎಂದು ಅವರೇ ಹೇಳಿದ್ದರು. ಬ್ರಿಟಿಷರ ಕಾಲ. ಅದಕ್ಕೂ ಮೊದಲು ಹುಡುಗರನ್ನು ದೊಡ್ಡ ಕೈದಿಗಳ ಜೊತೆಗೇ ಜೇಲಿಗೆ ಹಾಕುತ್ತಿದ್ದರಂತೆ. ಆಮೇಲೆ ಬೇರೆ ಶಾಲೆ ಮಾಡಿದರು. ತಲೆ ಬೋಳಿಸಿ, ಎದೆಗೆ ನಂಬರು ಹಚ್ಚಿ, ಗಂಟೆ ಹೊಡೆದಂತೆ ಏಳಿಸಿ ಕೂಡಿಸುವ ಶಾಲೆ. ಹೆಸರು ಕೂಗಿದರೆ ಓ ಅನ್ನಲು ಅವರಿಗೆ ಮರೆತೇಹೋಗಿತ್ತಂತೆ, ನಂಬರು ಕೂಗಿದರೆ ಮಾತ್ರ ಓ ಅನ್ನುತ್ತಿದ್ದರಂತೆ. "ಈಗ ಹೋಮ್ ಅಂತ ಬೋರ್ಡ್ ಹಾಕ್ಯಾರ. ಬಣ್ಣ ಚಲೋ ಐತಿ," ಎಂದು ನಕ್ಕಿದ್ದರು.

ಸಿಂದಗಿಯ ಬಜಾರದಲ್ಲಿ ತೊಗರಿ ಚೀಲದೊಂದಿಗೆ ಸಿಕ್ಕಿದ ಒಬ್ಬ ಹುಡುಗ ಆ ಚಳಿಗಾಲದಲ್ಲಿ ಬಂದ. ಹನ್ನೆರಡು ವರ್ಷ, ಊರು ದೇವಣಗಾಂವ. ಅಪ್ಪ ಇಲ್ಲ, ಅವ್ವ ಇದ್ದಾಳೆ ಎಂದ. ಹಸಿರು ಬಣ್ಣ ಆರಿಸಿಕೊಂಡ. ನಾನು ಅವನ ಊರಿಗೆ ಹೋದಾಗ ಮಧ್ಯಾಹ್ನ. ಓಣಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಮಣ್ಣಿನ ಮನೆ, ಕದ ಮುರಿದಿತ್ತು, ಬೀಗವಿರಲಿಲ್ಲ, ಬಾಗಿಲಿಗೆ ಜಾಲಿಯ ಮುಳ್ಳುಕಂಟಿಯೊಂದನ್ನು ಅಡ್ಡ ಇಟ್ಟಿದ್ದರು. ಎರಡು ಸಲ ಕೂಗಿದೆ. ತಿರುಗಿ ಹೋಗುವ ಬಸ್ಸಿಗೆ ಹೊತ್ತಾಗಿತ್ತು. ಅಲ್ಲೇ ಕಟ್ಟೆಯ ಮೇಲೆ ಕೂತು ಬರೆದೆ: ಮನೆ ಪಾಳುಬಿದ್ದಿದೆ, ಪಾಲಕರು ಊರು ಬಿಟ್ಟಂತೆ ತೋರುತ್ತದೆ. ದುಂಡಗಿನ ಅಕ್ಷರ, ತಪ್ಪಿಲ್ಲದ ವಾಕ್ಯ. ಅವ್ವ ಇದ್ದಾಳೆಂದು ಎಲ್ಲ ಹುಡುಗರೂ ಹೇಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವರದಿ ಕೋರ್ಟಿಗೆ ಹೋಯಿತು.

ಒಂದು ದಿನ ಮಾಸ್ತರರು ಆ ಮನೆಯ ಸುದ್ದಿ ಕೇಳಿದರು. ಹೇಳಿದೆ.

"ಕಂಟಿ ಬುಡ ಹೆಂಗಿತ್ತು?" ಎಂದರು.

ನನಗೆ ತಿಳಿಯಲಿಲ್ಲ. ನನ್ನ ಕೈ ಹಿಡಿದು ಮಗ್ಗದ ಹಿಡಿಯ ಮೇಲೆ ಇಟ್ಟರು. ಎಷ್ಟೋ ಹುಡುಗರು ಹಿಡಿದು ಹಿಡಿದು ಅದು ಗಾಜಿನ ಹಾಗೆ ನುಣ್ಣಗಾಗಿತ್ತು. "ದಿನಾ ಹೊಲಕ್ಕ ಹೋಗಿ ಬರಾವ್ರು ಕಂಟಿ ಬುಡ ಹೊರಗ ಮಾಡಿ ಇಡ್ತಾರ, ಸಂಜೀಕ ಬಂದು ಜಗ್ಗಾಕ. ಅದು ಹಿಂಗ ನುಣ್ಣಗಿರತೈತಿ. ಊರು ಬಿಟ್ಟು ಹೋಗಾವ್ರು ಹಗ್ಗ ಬಿಗದು, ಕಲ್ಲು ಹೇರಿ ಹೋಗ್ತಾರ. ನೀ ಹಳ್ಳ್ಯಾಗ ಹುಟ್ಟಿದಾಂವ, ತಮ್ಮಾ."

ಹೌದು, ನಾನು ಹಳ್ಳಿಯಲ್ಲಿ ಹುಟ್ಟಿದವನು. ನನ್ನ ಅವ್ವನೂ ದಿನಾ ಹಾಗೇ ಕಂಟಿ ಇಟ್ಟು ಹೋಗುತ್ತಿದ್ದಳು. ಕಾಲೇಜಿನ ಗೆಳೆಯನೊಬ್ಬ ಮನೆಗೆ ಬಂದಾಗ ಅದನ್ನು ಹಿತ್ತಿಲಿಗೆ ಎಸೆದು ಬಂದವನು ನಾನೇ. ನೋಡಬಾರದೆಂದು ಕಲಿತುಕೊಂಡಿದ್ದನ್ನು ದೇವಣಗಾಂವದಲ್ಲೂ ನೋಡಲಿಲ್ಲ...

ಮರುದಿನ ಮಾಸ್ತರರು ರಜೆ ಹಾಕಿ ದೇವಣಗಾಂವಕ್ಕೆ ಹೋಗಿಬಂದರು. ಬುಡ ನುಣ್ಣಗಿದೆ ಎಂದರು. ಹುಡುಗನ ಅವ್ವ ಹೊತ್ತು ಹುಟ್ಟುವ ಮೊದಲೇ ತೊಗರಿ ಕೊಯ್ಯಲು ಹೋಗಿ ಹೊತ್ತು ಮುಳುಗಿದ ಮೇಲೆ ಬರುತ್ತಾಳೆ. ಮಗ ಯಾವ ಊರಿನಲ್ಲಿದ್ದಾನೆ ಎಂದು ಅವಳಿಗೆ ಹೇಳಿದವರೇ ಇರಲಿಲ್ಲ. "ನಮ್ಮ ಮನೀಗೂ ಒಬ್ರು ಸಾಹೇಬ್ರು ಬಂದಿದ್ರಂತ, ಆ ಕಾಲಕ್ಕ. ಕುದುರಿ ಮ್ಯಾಲಿಂದ ಇಳೀಲಿಲ್ಲಂತ. ನಾ ಹೊರಗ ಬರೂದ್ರಾಗ ಮನಿ ಮಣ್ಣಾಗಿತ್ತು. ನೀ ಇನ್ನೊಂದು ವರದಿ ಬರೀ, ತಮ್ಮಾ."

ಬರೆಯುವುದೆಂದರೆ ಮೊದಲಿನದು ಸುಳ್ಳು ಎಂದು ನಾನೇ ಸಹಿ ಹಾಕಬೇಕು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಆ ತಿಂಗಳ ಕೊನೆಗೆ ಕಾಗದ ಬರುವುದಿತ್ತು. ಊರಲ್ಲಿ ಅಪ್ಪ ನನ್ನ ನೌಕರಿಯ ಸುದ್ದಿಯನ್ನು ಹತ್ತು ಕಟ್ಟೆಗಳ ಮೇಲೆ ಹೇಳಿ ಬಂದಿದ್ದ. "ಇದೊಂದು ತಿಂಗಳು ಮುಗೀಲ್ರಿ ಮಾಸ್ತರ," ಎಂದೆ. ಅವರು ನನ್ನ ಮುಖ ನೋಡಿದರು. ಹೂವು ಬಿದ್ದ ಕಣ್ಣಿನಿಂದಲೂ ನೋಡಿದಂತಾಯಿತು.

ತಿಂಗಳು ಮುಗಿಯಲಿಲ್ಲ, ಸರ್ಟಿಫೈಡ್ ಶಾಲೆಗೆ ಒಯ್ಯುವ ವ್ಯಾನು ಬಂತು. ಹುಡುಗ ಮಗ್ಗದ ಮೇಲೆ ಕೂತಿದ್ದ. ಹಸಿರು ಎರಡು ಬೆರಳು ಆಗಿತ್ತು. ಪೊಲೀಸರು ಕರೆದಾಗ ಲಾಳಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಾಸ್ತರರ ಕೈಗೆ ಕೊಟ್ಟು ಹೋದ. ಮಾಸ್ತರರು ಆ ಮಗ್ಗಕ್ಕೆ ಚಾದರ ಹೊದಿಸಿದರು. ಹಲಗೆ ಮುರಿದಿದೆ ಎಂದು ಮೇಲಿನವರಿಗೆ ಸುಳ್ಳು ಹೇಳಿ ತಿಂಗಳುಗಟ್ಟಲೆ ಅದನ್ನು ಹಾಗೇ ಇಟ್ಟರು.

ನನ್ನ ಕಾಯಂ ಕಾಗದ ಬಂದ ದಿನವೇ ಎರಡನೇ ವರದಿ ಬರೆದೆ. ಯಾರೂ ನನ್ನನ್ನು ಬೈಯಲೂ ಇಲ್ಲ. ವರದಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ತಿರುಗುತ್ತಾ ಹೋಯಿತು. ಅಷ್ಟರಲ್ಲಿ ಒಂದು ದಿನ ಆ ಅವ್ವ ರೊಟ್ಟಿಯ ಗಂಟು ಹಿಡಿದು ಬಂದಳು. ಮಾಸ್ತರರು ಅವಳನ್ನು ಮಗ್ಗದ ಹತ್ತಿರ ಕೂಡಿಸಿದ್ದರು. ನಾನು ಯಾರೆಂದು ಅವಳಿಗೆ ಹೇಗೋ ತಿಳಿಯಿತು.

"ನಮ್ಮ ಮನೀಗಿ ಬಂದಾವ್ರು ನೀವೇನ್ರಿ, ಎಪ್ಪಾ? ಕಂಟಿ ಸರಿಸಿ ಒಳಗ ಕುಂದ್ರಬೇಕಿತ್ರಿ. ಕೊಡದಾಗ ನೀರಿತ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಒಂಬತ್ತು ತಿಂಗಳಿಗೆ ಹುಡುಗನನ್ನು ಬಿಟ್ಟರು. ಕಾಗದಕ್ಕೆ ಸಹಿ ಹಾಕಿಸಲು ನಮ್ಮಲ್ಲಿಗೆ ಕರೆತಂದಿದ್ದರು. ಎತ್ತರವಾಗಿದ್ದ, ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. ಮಾಸ್ತರರು ಚಾದರ ತೆಗೆದು ಹಸಿರು ಲಾಳಿ ಮುಂದೆ ಹಿಡಿದರು. ಅವನು ಮುಟ್ಟಲಿಲ್ಲ.

"ನನಗ ಮರ್ತೈತ್ರಿ," ಎಂದ.

ಉಳಿದದ್ದನ್ನು ಮಾಸ್ತರರು ಕೆಂಪು ನೂಲಿನಲ್ಲಿ ತಾವೇ ನೇಯ್ದು ಮುಗಿಸಿದರು. ಮರುವರ್ಷ ನನಗೆ ಮುದ್ದೇಬಿಹಾಳಕ್ಕೆ ವರ್ಗವಾದಾಗ ಆ ಜಮಖಾನೆಯನ್ನು ಮಡಿಚಿ ತಂದು ಕೊಟ್ಟರು. "ಮನ್ಯಾಗ ಹಾಸ್ರಿ, ಸಾಹೇಬ್ರ," ಎಂದರು. ವ್ಯಾನು ಬಂದ ದಿನದಿಂದ ಅವರು ನನ್ನನ್ನು ಹಾಗೇ ಕರೆಯುತ್ತಿದ್ದರು. ಎಲ್ಲರೂ ಕರೆಯುವಂತೆ, ಮರ್ಯಾದೆಯಿಂದ.

ಅವರು ತೀರಿಕೊಂಡ ಸುದ್ದಿ ಹೋಮಿನ ಅಡುಗೆಯವನಿಂದ ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ತಿಳಿಯಿತು. ಆಗಲೇ ಮೂರು ತಿಂಗಳಾಗಿತ್ತು. ಆ ಹುಡುಗನ ನಂತರ ನಾನು ನೂರಾರು ಮನೆ ನೋಡಿದೆ. ಪ್ರತಿ ಬಾಗಿಲಿನ ಮುಂದೆ ಬಗ್ಗಿ ನೋಡಿದೆ, ಹೊತ್ತು ಮುಳುಗುವ ತನಕ ಕಾದು ಬಸ್ಸು ತಪ್ಪಿಸಿಕೊಂಡೆ. ಅದನ್ನು ಹೇಳಿಕೊಳ್ಳಬೇಕಾದವರು ಒಬ್ಬರೇ ಇದ್ದರು. ಅವರು ಇರುವ ತನಕ ಹೇಳಲು ಹೋಗಲಿಲ್ಲ.

ಸಂಜೆ ಮಗಳು ಜಮಖಾನೆ ಮಡಿಚಲು ಬಂದಾಗ ನಾನಿನ್ನೂ ಅದರ ಪಕ್ಕದಲ್ಲೇ ಕೂತಿದ್ದೆ. ಸ್ವಲ್ಪ ತಡಿ ಎಂದೆ. ಹಸಿರಿನ ಮೇಲೆ ಕೈ ಇಟ್ಟೆ. ಎರಡು ಬೆರಳು ಹಿಡಿಯಿತು, ಉಳಿದೆರಡು ಕೆಂಪಿನ ಮೇಲೆ ಬಿದ್ದವು.