ಕೆಂಚನ ಎಡಗಡೆ

ಎರಡು ವರ್ಷದ ಹಿಂದಿನ ಬೇಸಿಗೆ. ಮಧುಗಿರಿಯಲ್ಲಿ ನನ್ನ ಸ್ಟುಡಿಯೊ ಇನ್ನೂ ಇತ್ತು. ಇತ್ತು ಅಷ್ಟೆ, ನಡೆಯುತ್ತಿತ್ತು ಅಂದರೆ ಸುಳ್ಳಾದೀತು. ಮೂವತ್ತೈದು ವರ್ಷ ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಅಂತ ಕ್ಯಾಮೆರಾ ಹಿಡಿದವನಿಗೆ, ಎಲ್ಲರ ಜೇಬಿಗೂ ಫೋನು ಬಂದ ಮೇಲೆ ಕೆಲಸ ಉಳಿಯಲಿಲ್ಲ. ಹೊಟ್ಟೆಪಾಡಿಗೆ ಎಐ ಭಾವಚಿತ್ರದ ಕೆಲಸ ಹಿಡಿದೆ. ಸಾಕಿದ ನಾಯಿಯದೋ ಬೆಕ್ಕಿನದೋ ನಾಲ್ಕು ಫೋಟೊ ಹಾಕಿದರೆ ಕಂಪ್ಯೂಟರು ಅದನ್ನು ಕುಂಚದಲ್ಲಿ ಬರೆದ ಚಿತ್ರದ ಹಾಗೆ ಮಾಡಿಕೊಡುತ್ತದೆ. ನಾನು ಫ್ರೇಮ್ ಹಾಕಿಸಿ ಕೊಡುತ್ತಿದ್ದೆ. ಸಿರಾ, ಕೊರಟಗೆರೆ ಕಡೆಯಿಂದಲೂ ಗಿರಾಕಿಗಳು ಬರುತ್ತಿದ್ದರು.

ಬಂದವರಿಗೆಲ್ಲ ಅದನ್ನೇ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ನಿಂತುಕೊಂಡು ಮೇಲಿನಿಂದ ತೆಗೆದರೆ ತಲೆ ಕುಂಬಳಕಾಯಿ, ಕಾಲು ಕಡ್ಡಿ. ನೆಲಕ್ಕೆ ಕೂತು ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಹಿಡಿಯಬೇಕು. ಬೆಳಗಿನ ಎಳೆ ಬಿಸಿಲು ಸಾಕು, ಫ್ಲಾಶ್ ಬೇಡವೇ ಬೇಡ. ಎದುರಿನಿಂದ ಒಂದು, ಎಡಕ್ಕೊಂದು, ಬಲಕ್ಕೊಂದು, ಪೂರ್ತಿ ಮೈ ಕಾಣುವಂತೆ ಒಂದು. ಯಾಕೆಂದರೆ ಎಐ ತನಗೆ ಕಾಣದ್ದನ್ನು ನಮ್ಮನ್ನು ಕೇಳುವುದಿಲ್ಲ, ತೋಚಿದ್ದನ್ನು ತುಂಬಿಬಿಡುತ್ತದೆ. ಲೆಕ್ಕವಿಲ್ಲದಷ್ಟು ನಾಯಿಗಳ ಚಿತ್ರ ನೋಡಿ ಕಲಿತದ್ದು ಅದು. ಅದರ ಪಾಲಿಗೆ ನಾಯಿ ಅಂದರೆ ಎರಡು ಕಣ್ಣು, ಎರಡು ಕಿವಿ. ಇಷ್ಟು ಹೇಳಿದರೂ ಜನ ಓಡುವ ನಾಯಿಯ ಬಾಲದ ಫೋಟೊ ತಂದು ಮುಖ ಕೇಳುತ್ತಿದ್ದರು.

ಐ.ಡಿ.ಹಳ್ಳಿ ಕಡೆಯ ತಿಮ್ಮಕ್ಕ ಬಂದದ್ದು ಆಗಲೇ. ಕುರಿ ಸಾಕುವ ಮನೆ. ಮಗಳು ಅನಿತಾಳನ್ನು ಪಾವಗಡಕ್ಕೆ ಕೊಡುವುದೆಂದು ನಿಶ್ಚಯವಾಗಿತ್ತು. ಹೆಣ್ಣು ತೋರಿಸುವುದಕ್ಕೆ ಆ ಹುಡುಗಿಯ ಫೋಟೊ ತೆಗೆದವನೂ ನಾನೇ. ಆಗ ತಿಮ್ಮಕ್ಕ ಪಕ್ಕದಲ್ಲೇ ನಿಂತು, ಮಗಳ ಎಡಗೈ ಮೇಲಿನ ಉದ್ದ ಗಾಯದ ಗೆರೆಯನ್ನು ಸೆರಗಿನಿಂದ ಮುಚ್ಚಿಸಿದ್ದಳು. ನಮ್ಮ ಕಡೆ ಎಲ್ಲರೂ ಹಾಗೇ. ಹೆಣ್ಣಿನ ಫೋಟೊಕ್ಕೆ ಬಂದವರು ಕೂರುವ ಮೊದಲೇ 'ಈ ಕಡೆಯಿಂದ ತಗೀರಿ' ಅನ್ನುತ್ತಾರೆ. ನಾನೂ ಏನೂ ಕೇಳದೆ ತೆಗೆದಿದ್ದೆ.

"ಮನೆ ನಾಯಿ ಕೆಂಚ ಉಳಿಯಂಗಿಲ್ಲ ಕಣಣ್ಣ" ಅಂದಳು. "ಹೊಟ್ಟೇಲಿ ಗಡ್ಡೆ ಐತಂತೆ. ಮದುವೆ ಗಂಟ ಇರಾಕಿಲ್ಲ ಅಂದ್ರು ಡಾಕ್ಟ್ರು. ಅದ್ರದ್ದೊಂದು ಪಟ ಮಾಡ್ಕೊಡು. ಮಗ್ಳು ಹೋಗೋವಾಗ ಕೈಗೆ ಕೊಡ್ತೀನಿ. ಅವಳಿಗೆ ಅದು ಅಂದ್ರೆ ಜೀವ."

ಮಾರನೆಯ ಬೆಳಿಗ್ಗೆ ಸ್ಕೂಟರಿನಲ್ಲಿ ಹೋದೆ. ಅನಿತಾ ಲಗ್ನಪತ್ರಿಕೆ ಕೊಡಲು ತೋವಿನಕೆರೆಯ ಸೋದರತ್ತೆ ಮನೆಗೆ ಹೋಗಿದ್ದಳು. ಕೆಂಚ ಕುರಿ ರೊಪ್ಪದ ಬಾಗಿಲಲ್ಲೇ ಮಲಗಿತ್ತು. ಕುರಿಗಳು ಅದನ್ನು ದಾಟಿಕೊಂಡು ಹೊರಗೆ ಹೋಗುತ್ತಿದ್ದವು. ಹತ್ತಿರ ಹೋಗಿ ನೋಡಿದರೆ ಎಡಗಣ್ಣಿನ ಜಾಗದಲ್ಲಿ ಬರೀ ಚರ್ಮ, ಎಡಗಿವಿ ಅರ್ಧಕ್ಕೆ ಹರಿದಿತ್ತು.

"ಚಿರತೆ" ಅಂದಳು ತಿಮ್ಮಕ್ಕ. ಒಂದು ಸಂಜೆ ಕುರಿ ಹೊಡೆದುಕೊಂಡು ಬರುವಾಗ, ಕುಂಟುವ ಮರಿಯನ್ನು ಎತ್ತಿಕೊಂಡು ಅನಿತಾ ಹಿಂದೆ ಉಳಿದಿದ್ದಳಂತೆ. ಬಂಡೆ ಸಂದಿಯಿಂದ ಹಾರಿದ ಚಿರತೆ ಅವಳ ತೋಳಿಗೆ ಉಗುರು ಹಾಕಿತು. ಕೆಂಚ ನಡುವೆ ಬಿದ್ದು ಕಚ್ಚಾಡಿ ಬಿಡಿಸಿತು. ಸೆರಗಿನಡಿ ಮುಚ್ಚಿದ್ದ ಗೆರೆ ಏನೆಂದು ನನಗೆ ಗೊತ್ತಾದದ್ದು ಅಲ್ಲಿಯೇ.

ನಾನು ನೆಲಕ್ಕೆ ಬೋರಲು ಮಲಗಿ, ಲೆನ್ಸಿನ ಮೇಲೆ ಮುದ್ದೆಯ ಚೂರು ಹಿಡಿದೆ. ನಾಯಿ ಕ್ಯಾಮೆರಾ ಕಡೆ ನೋಡಲೆಂದು ನಾನು ಮಾಡುವ ಉಪಾಯ ಅದು. ಕೆಂಚ ಮುದ್ದೆ ಮೂಸಲೂ ಇಲ್ಲ. ಬೆಳಕು ಸರಿಯಿದೆಯೇ ಎಂದು ನೋಡಲು ಎದುರಿನಿಂದ ಮೊದಲ ಫೋಟೊ ಒತ್ತುವಷ್ಟರಲ್ಲಿ ತಿಮ್ಮಕ್ಕ ಅಡ್ಡ ಬಂದು, ಅದರ ಮುಖದ ಎಡಗಡೆಗೆ ಅಂಗೈ ಇಟ್ಟು ಮುಚ್ಚಿಬಿಟ್ಟಳು.

"ಕೈ ತೆಗಿಯಮ್ಮ, ಎರಡೂ ಕಡೆ ಬೇಕು. ಇಲ್ಲದಿದ್ದರೆ ಕಂಪ್ಯೂಟರು ಇಲ್ಲದ ಕಣ್ಣು ಇಟ್ಟುಬಿಡುತ್ತೆ."

"ಇಟ್ರೆ ಇಡ್ಲಿ ಬುಡು, ನಂಗೆ ಬೇಕಾಗಿರೋದೂ ಅದೇಯ. ಮಗ್ಳ ಕೈಗೆ ಕುಡುಗೋಲು ತಾಗಿದ್ದು ಅಂದಿವ್ನಿ ಬೀಗರಿಗೆ. ಮೃಗ ಮುಟ್ಟಿದ ಹೆಣ್ಣು ಅಂದ್ರೆ ಮಾಡ್ಕಂಡಾರಾ? ಈ ನಾಯಿ ಮಕ ನೋಡಿದ್ರೆ ಹೆಂಗಾಯ್ತು ಅಂತ ಕೇಳಾಕಿಲ್ವಾ?"

ನನಗೆ ಸಿಟ್ಟು ಬಂತು. ವಾದ ಮಾಡಿದೆ. ಅವಳು ಕೈ ತೆಗೆಯಲಿಲ್ಲ. ಕೊನೆಗೆ ನಾಯಿಯನ್ನು ತಿರುಗಿಸಿ ಮಲಗಿಸಿಕೊಟ್ಟಳು, ಬಲಗಡೆಯ ಫೋಟೊಗಳನ್ನಷ್ಟೇ ತೆಗೆದುಕೊಂಡು ಬಂದೆ.

ಎಐ ಚಿತ್ರ ಬಂತು. ಬೆಟ್ಟದ ಮುಂದೆ ಎದೆಯುಬ್ಬಿಸಿ ಕೂತ ಕೆಂಚ, ಎರಡು ಹೊಳೆಯುವ ಕಣ್ಣು, ನೆಟ್ಟಗೆ ನಿಂತ ಎರಡು ಕಿವಿ. ತಿಮ್ಮಕ್ಕನಿಗೆ ಹಿಗ್ಗೋ ಹಿಗ್ಗು. ನನಗೆ ನೋಡಲು ಸಂಕಟವಾಯಿತು. ಚಪ್ಪರ ಹಾಕುವ ಮೊದಲೇ ಕೆಂಚ ಸತ್ತಿತು.

ಮದುವೆಯಾಗಿ ಕೆಲವು ತಿಂಗಳಿಗೆ ಅನಿತಾ ಒಬ್ಬಳೇ ಸ್ಟುಡಿಯೊಕ್ಕೆ ಬಂದಳು. ಇಳಿದು ಹೋಗಿದ್ದಳು. ಕೂರು ಅಂದರೂ ಕೂರಲಿಲ್ಲ.

"ಅಂಕಲ್, ಕೆಂಚಂದು ಎಡಗಡೆ ಫೋಟೊ ಐತಾ?"

"ಯಾಕಮ್ಮಾ?"

"ಗಂಡನ ಮನೇಲಿ ಕೈ ಗಾಯ ಕೇಳಿದ್ರು. ಚಿರತೆ ಅಂದೆ, ನಾಯಿ ಬಿಡಿಸ್ತು ಅಂದೆ. ನಿಮ್ಮಮ್ಮ ಕುಡುಗೋಲು ಅಂದ್ಲಲ್ಲ ಅಂದ್ರು. ನಮ್ಮತ್ತೆ ಗೋಡೆ ಮೇಲಿರೋ ಪಟ ತೋರಿಸಿ, ತೆಲುಗಲ್ಲಿ 'ಕುಕ್ಕಕಿ ಏಮೀ ಕಾಲೇದೇ' ಅಂದ್ರು. ನಾಯಿಗೇನೂ ಆಗೇ ಇಲ್ವಲ್ಲ ಅಂತ. ಅವತ್ತಿಂದ ನಾನು ಏನು ಹೇಳಿದ್ರೂ ನನ್ನ ಗಂಡ ನಂಬಾಕಿಲ್ಲ. ಗಾಯದ ಹಿಂದೆ ಬೇರೇನೋ ಐತೆ ಅಂತಾನೆ."

ಅವಳ ಹಳೆಯ ಫೋನು ಒಡೆದು, ಅದರಲ್ಲಿದ್ದ ಫೋಟೊಗಳೂ ಹೋಗಿದ್ದವು. ಊರಿನವರು ಬಂದು ಹೇಳಿದರೆ, 'ಹೆಣ್ಣಿನ ಕಡೆಯವರು ಹಾಗೆ ಹೇಳದೆ ಇನ್ನೇನು ಮಾಡುತ್ತಾರೆ' ಅಂದರಂತೆ ಗಂಡನ ಮನೆಯವರು. ನಾನು ಕೆಂಚನ ಫೋಟೊಗಳನ್ನೆಲ್ಲ ಹುಡುಕಿದೆ. ಎದುರಿನಿಂದ ತೆಗೆದದ್ದು ಆ ಮೊದಲನೆಯದು ಒಂದೇ. ಅರ್ಧ ಮುಖ ಕೆಂಚನದು, ಉಳಿದರ್ಧ ತಿಮ್ಮಕ್ಕನ ಅಂಗೈ.

ಕೈ ತೆಗೆದು ತೋರಿಸು ಎಂದು ಅವಳೆದುರೇ ಎಐಗೆ ಹೇಳಿ ನೋಡಿದೆ. ಕೈ ಹೋಯಿತು. ಅದರ ಕೆಳಗೆ ಮತ್ತೊಂದು ಹೊಳೆಯುವ ಕಣ್ಣು ಬಂತು. ಹರಿದ ಕಿವಿ, ಕುರುಡು ಕಣ್ಣು ಎಂದು ಬಿಡಿಸಿ ಹೇಳಿದರೆ ಯಾವುದೋ ನಾಯಿಯ ಗಾಯ ತಂದು ಅಂಟಿಸಿತು.

"ಇದನ್ನ ತೋರ್ಸಿದ್ರೆ ನಂಬ್ತಾರೇನೋ" ಅಂದೆ.

"ಇದು ಕೆಂಚ ಅಲ್ಲ ಅಂಕಲ್. ಅದ್ರ ಹೆಸರಲ್ಲಿ ಇನ್ನೊಂದು ಸುಳ್ಳು ಯಾಕೆ? ಆ ಕೈ ಇರೋದೇ ಕೊಡಿ. ಅದ್ರ ಕೆಳಗೆ ಏನೈತೆ ಅಂತ ನನಗಾದ್ರೂ ಗೊತ್ತು."

ಪ್ರಿಂಟ್ ಹಾಕಿ ಕೊಟ್ಟೆ. ತೋಳಿನ ಗೆರೆ ಕಾಣುವಂತೆ ಕೈ ಚಾಚಿ ಇಸಿದುಕೊಂಡು, ಪಾವಗಡದ ಬಸ್ಸಿಗೆ ಹೋದಳು. ಆಮೇಲೆ ಅವಳ ಸಂಸಾರ ಏನಾಯಿತೋ, ಕೇಳುವ ಧೈರ್ಯ ನನಗಾಗಲಿಲ್ಲ.

ಈಗ ಸ್ಟುಡಿಯೊ ಮುಚ್ಚಿದ್ದೇನೆ. ನಾಯಿ ಫೋಟೊ ಹೇಗೆ ತೆಗೆಯಬೇಕು ಎಂದು ಇವತ್ತಿಗೂ ಯಾರಾದರೂ ಕೇಳುತ್ತಾರೆ. ಬೆಳಕು, ಕಣ್ಣಿನ ಮಟ್ಟ ಎಲ್ಲ ಆಮೇಲೆ ಹೇಳುತ್ತೇನೆ. ಮೊದಲು ಹೇಳುವುದು ಇದು: ಗಾಯ ಇರುವ ಕಡೆಯಿಂದ ತೆಗೆಯಿರಿ, ಚೆಂದದ ಕಡೆಯನ್ನು ಎಐ ತಾನೇ ಮಾಡಿಕೊಳ್ಳುತ್ತದೆ.