ಗುಂಡಿಹಾಳದ ಒಂಬತ್ತು ಗಂಟು

ದ್ಯಾವಪ್ಪ ತನ್ನ ಬದುಕಿನಲ್ಲಿ ಒಂದೇ ಒಂದು ಸುಳ್ಳು ಹೇಳಿದ. ಅದನ್ನೂ ಬಾಯಿಂದ ಹೇಳಲಿಲ್ಲ, ದಾರದಿಂದ ಹೇಳಿದ.

ಕೊಪ್ಪಳದ ಸೀಮೆಯಲ್ಲಿ, ಹೊಳೆಯ ದಂಡೆಗೆ, ಗುಂಡಿಹಾಳ ಎಂಬ ಊರಿತ್ತು. ಅಲ್ಲಿ ಡಂಗುರ ಸಾರುವುದು ದ್ಯಾವಪ್ಪನ ಮನೆತನದ ಕೆಲಸ. ಅದಕ್ಕೊಂದು ಕಟ್ಟುಪಾಡು ಇತ್ತು. ಪ್ರತಿ ಮನೆಯ ಮುಂದೆ ನಿಂತು, ಹಲಗೆ ಬಾರಿಸಿ, ಮೂರು ಸಲ ಸಾರಬೇಕು. ಒಳಗಿನಿಂದ ಯಾರಾದರೂ "ಕೇಳೀವಿ" ಎನ್ನಬೇಕು. ಅಂದ ಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡ ದಾರಕ್ಕೆ ಒಂದು ಗಂಟು ಹಾಕಬೇಕು. ಅಂದವರು ಯಾರು ಎಂದು ಬಾಗಿಲಲ್ಲಿ ಇಣುಕಬಾರದು. ದಾರವನ್ನು ಚಾವಡಿಗೆ ಒಪ್ಪಿಸಿದರೆ, ಮಾತು ಎಷ್ಟು ಮನೆಗೆ ಮುಟ್ಟಿತು ಎಂಬುದು ಗೌಡರಿಗೆ ತಿಳಿಯುತ್ತಿತ್ತು.

"ಗಂಟು ಹಾಕಿದಿ ಅಂದ್ರ ಆ ಮನಿ ನಿನ್ನ ಕೊಳ್ಳಾಗ ಬಿತ್ತು ಅಂತ ತಿಳಿ," ಎಂದು ಅಪ್ಪ ಹನುಮಣ್ಣ ಹೇಳಿಕೊಟ್ಟಿದ್ದ.

೧೯೩೩ರಲ್ಲಿ ಊರಿನಲ್ಲಿ ಇಲಿ ಬಿದ್ದವು. ಪ್ಲೇಗು ಬಂದಿದೆ, ಎಲ್ಲರೂ ಊರು ಬಿಟ್ಟು ಹೊಲದ ಗುಡಿಸಲಿಗೆ ಹೋಗಬೇಕು ಎಂದು ಹುಕುಂ ಬಂತು. ಹನುಮಣ್ಣ ಜ್ವರದಲ್ಲಿ ಮಲಗಿದ್ದ. ಇಪ್ಪತ್ತು ವರ್ಷದ ದ್ಯಾವಪ್ಪ ಮೊದಲ ಸಲ ಒಬ್ಬನೇ ಹಲಗೆ ಹೊತ್ತು ಹೊರಟ. ಪಡುವಣ ಓಣಿಯ ಬಾಯಿಗೆ ಬಂದಾಗ ದಾರಿಯ ತುಂಬ ಸತ್ತ ಇಲಿ. ಬ್ಯಾನಿ ಮೊದಲು ಬಂದದ್ದೇ ಆ ಓಣಿಗೆ. ಒಂಬತ್ತು ಮನೆಗಳೂ ಬಾಗಿಲು ಹಾಕಿಕೊಂಡು ನಾಲ್ಕು ದಿನವಾಗಿತ್ತು. ದ್ಯಾವಪ್ಪನ ಕಾಲು ಮುಂದೆ ಹೋಗಲಿಲ್ಲ. ನಿಂತ ಕಡೆಯೇ ನಿಂತು, ಹಲಗೆ ಮುಟ್ಟದೆ, ಒಂಬತ್ತು ಗಂಟು ಹಾಕಿ ತಿರುಗಿ ಬಂದ.

ಗಂಟು ಎಣಿಸಿದ ಊರು ಎಲ್ಲರೂ ಹೊರಬಿದ್ದರು ಎಂದುಕೊಂಡಿತು. ಎರಡು ತಿಂಗಳ ಮೇಲೆ ಮರಳಿ ಬಂದಾಗ ಪಡುವಣ ಓಣಿಯ ಒಂಬತ್ತು ಬಾಗಿಲೂ ತೆರೆಯಲಿಲ್ಲ. ಅವನ್ನು ಒದ್ದು ಮುರಿದು, ಒಳಗಿದ್ದವರನ್ನು ಓಣಿಯ ಹಿಂದಿನ ಬಯಲಲ್ಲಿ ಮಣ್ಣು ಮಾಡಿದರು. ಕೊನೆಯ ಮನೆಯ ಕಳಕಮ್ಮ ಡಂಗುರದ ದಿನ ದ್ಯಾವಪ್ಪನಿಗೆ ಒಂದು ಬಟ್ಟಲು ಜೀರಿಗೆ ಒಗ್ಗರಣೆಯ ಮಜ್ಜಿಗೆ ಕೊಡದೆ ಕಳಿಸಿದವಳಲ್ಲ. ಅವಳ ಮೇಲೂ ಮಣ್ಣು ಬಿತ್ತು. ದ್ಯಾವಪ್ಪ ಅಂದಿನಿಂದ ಮಜ್ಜಿಗೆ ಮುಟ್ಟಲಿಲ್ಲ. ಮದುವೆಯಾದ ಮೇಲೆ ಹೆಂಡತಿ ದುರಗಮ್ಮ ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ.

ಹದಿನಾಲ್ಕು ವರ್ಷ ಕಳೆಯಿತು. ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸ ಶುರುವಾಯಿತು. ನೀರಿನಲ್ಲಿ ಮುಳುಗಲಿದ್ದ ಗುಂಡಿಹಾಳದ ಜನ ತೊಲೆ, ಬಾಗಿಲು, ಬೀಸುವ ಕಲ್ಲು ಎಲ್ಲವನ್ನೂ ಬಂಡಿಗೆ ಹೇರಿಕೊಂಡು ಎರಡು ಹರದಾರಿ ಆಚೆ ಹೊಸ ಊರು ಕಟ್ಟಿಕೊಂಡರು. ಅಣೆಕಟ್ಟಿಗೆ ಬೇಕಾದ ಕಲ್ಲಿಗಾಗಿ ಹಳೆಯ ಊರಿನ ಬಂಡೆಗೆ ಸುರಂಗ, ಅಂದರೆ ಸಿಡಿಮದ್ದು, ಇಡುವ ಮುನ್ನ ಅಲ್ಲೊಂದು ಕಡೆಯ ಡಂಗುರ ಆಗಬೇಕೆಂದು ಕಾಗದ ಬಂತು.

"ಖಾಲಿ ಊರಾಗ ಯಾರಿಗೆ ಸಾರತಿ? ಓತಿಕ್ಯಾತಗೇನು?" ಎಂದು ದುರಗಮ್ಮ ನಕ್ಕಳು.

"ಹುಕುಂ ಐತಿ, ಸಾರಬೇಕು," ಎಂದು ದ್ಯಾವಪ್ಪ ಹೊರಟ.

ನಡುಹಗಲು. ಬಾಗಿಲು ಕಿತ್ತ ಮನೆಗಳು ಬಾಯಿ ತೆರೆದು ನಿಂತಿದ್ದವು. ಪ್ರತಿ ಮನೆಯ ಮುಂದೆ ಮೂರು ಸಲ ಸಾರಿದ. ಯಾರೂ ಓಗೊಡಲಿಲ್ಲ, ಗಂಟೂ ಬೀಳಲಿಲ್ಲ. ಪಡುವಣ ಓಣಿಯನ್ನು ಈ ಸಲ ಬಿಡಬಾರದೆಂದು ಒಳಗೆ ಕಾಲಿಟ್ಟ. ಮೊದಲ ಮನೆಯ ಗೋಡೆ ಎದೆಯೆತ್ತರ ಉಳಿದಿತ್ತು. ಮೂರನೆಯ ಸಲ ಸಾರಿ ಹಲಗೆ ನಿಲ್ಲಿಸಿದಾಗ ಗೋಡೆಯ ಆಚೆಯಿಂದ ಮಾತು ಬಂತು.

"ಕೇಳೀವಿ."

ಕೂಗಿದ ದನಿಯಲ್ಲ. ಒಲೆಯ ಮುಂದೆ ಕೂತವರು ತಲೆ ಎತ್ತದೆ ಅನ್ನುತ್ತಾರಲ್ಲ, ಹಾಗಿತ್ತು. ದ್ಯಾವಪ್ಪನ ಕೈ ತಾನಾಗಿಯೇ ಗಂಟು ಹಾಕಿತು. ಎರಡನೆಯ ಮನೆ, ಮೂರನೆಯ ಮನೆ. ಒಂಬತ್ತನೆಯದರಲ್ಲಿ ಹೆಣ್ಣು ದನಿ. ಆ ದನಿಯ ಗುರುತು ಅವನಿಗಿತ್ತು. ಅವನು ಇಣುಕಲಿಲ್ಲ. ದಾರವನ್ನು ಹೊಸ ಊರಿನ ಚಾವಡಿಯಲ್ಲಿ ಇಟ್ಟು, ಮನೆಗೆ ಬಂದು ಮಲಗಿದ.

ಆ ದಾರ ಹುಚ್ಚೀರಪ್ಪನವರ ಕೈ ಸೇರಿತು. ಇರಕಲ್ಲಗಡದ ಹುಚ್ಚೀರಪ್ಪನವರು ಆಗ ಹೈದರಾಬಾದಿನ ಶಾಸನಸಭೆಯಲ್ಲಿ ರೈತರ ಪರವಾಗಿ ಕೂತ ಸದಸ್ಯರು. ಸರಕಾರ ರೈತರಿಂದ ಕಡ್ಡಾಯವಾಗಿ ವಸೂಲು ಮಾಡುವ ಲೇವಿ ಕಾಳಿನ ಬಗ್ಗೆ, ಬಟ್ಟೆಯ ರೇಷನ್ ಬಗ್ಗೆ, ಯುದ್ಧ ಮುಗಿಸಿ ಬಂದ ಸಿಪಾಯಿಗಳ ಬಗ್ಗೆ ಅವರು ಉರ್ದುವಿನಲ್ಲಿ ಮಾತಾಡಿದರೆ ಮಂತ್ರಿಗಳೂ ಕಿವಿಗೊಡುತ್ತಿದ್ದರು. ಹಳ್ಳಿಹಳ್ಳಿಯ ಡಂಗುರದ ದಾರ ತರಿಸಿ, ಗಂಟು ಎಣಿಸಿಯೇ ಅವರು ಮನೆಗಳ ಲೆಕ್ಕ ಹೇಳುತ್ತಿದ್ದರು. ಅವರ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ.

ಅಣೆಕಟ್ಟಿನ ಚರ್ಚೆಯಲ್ಲಿ ಅವರು ಎದ್ದು ನಿಂತರು. "ಇದು ಇಡೀ ದೇಶದ ಅನ್ನದ ಪ್ರಶ್ನೆ, ಒಪ್ಪುತ್ತೇನೆ. ಆದರೆ ಗುಂಡಿಹಾಳದಲ್ಲಿ ಇನ್ನೂ ಒಂಬತ್ತು ಮನೆಯವರಿದ್ದಾರೆ. ಅವರನ್ನು ಹೊರಗೆ ತರದೆ ಸುರಂಗ ಸಿಡಿಸಿದರೆ ಆ ಅನ್ನ ಯಾರಿಗೂ ಅರಗುವುದಿಲ್ಲ," ಎಂದರು. ಕೆಲಸ ಎಂಟು ದಿನ ನಿಂತಿತು. ಅಧಿಕಾರಿಗಳು ಬಂದು ಊರೆಲ್ಲ ಹುಡುಕಿದರು. ಒಂದು ಬೆಕ್ಕೂ ಸಿಗಲಿಲ್ಲ. ಸಭೆ ನಕ್ಕಿತು. ಗುರುವಾರದೊಳಗೆ ಆ ಒಂಬತ್ತು ಮನೆಯವರನ್ನು ತೋರಿಸಬೇಕು, ಇಲ್ಲವೇ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದಾಯಿತು.

ಸೋಮವಾರ ಹುಚ್ಚೀರಪ್ಪನವರು ದ್ಯಾವಪ್ಪನ ಗುಡಿಸಲಿಗೇ ಬಂದರು.

"ದ್ಯಾವಪ್ಪ, ಹೈದ್ರಾಬಾದಿನಾಗ ನನಗ ಒಂಬತ್ತು ಮನಿ ಸಾಹೇಬ ಅಂತ ಹೆಸರಿಟ್ಟಾರ. ಮುಂದಿನ ವಾರ ಲೇವಿ ಚರ್ಚಾ ಐತಿ. ಈ ಗಂಟು ಸುಳ್ಳಾದ್ರ ಆ ಗಂಟೂ ಸುಳ್ಳು ಅಂತಾರ. ಖರೇ ಹೇಳು, ಮನಿಗಳದಾವೇನು?"

"ಈ ಗಂಟು ಖರೇ ಅದಾವ್ರಿ, ಧಣ್ಯಾರ. ಸುಳ್ಳು ಅಂದ್ರ ಹಿಂದಿನ ಒಂಬತ್ತು."

ದ್ಯಾವಪ್ಪ ಎಲ್ಲವನ್ನೂ ಹೇಳಿದ. ದುರಗಮ್ಮ ಒಲೆಯ ಮುಂದೆ ಕೂತು ಮೊದಲ ಸಲ ಕೇಳಿಸಿಕೊಂಡಳು. ಹುಚ್ಚೀರಪ್ಪನವರು ರುಮಾಲು ಸುತ್ತಿಕೊಂಡು ಎದ್ದರು.

"ಸುರಂಗ ಸಿಡಿಯಾಕ ಮೂರ ದಿನ ಉಳದಾವ. ಅವರನ್ನ ಎರಡನೇ ಸಲಾನೂ ಬಿಟ್ಟು ಬರತಿಯೇನು?"

ಇಬ್ಬರೂ ಅಂದೇ ಮಧ್ಯಾಹ್ನ ಹಳೆಯ ಊರಿಗೆ ಹೋದರು. ಓಣಿಯ ಬಾಯಲ್ಲಿ ಗಾಳಿಯೂ ಇರಲಿಲ್ಲ. ಹುಚ್ಚೀರಪ್ಪನವರು ಮೊದಲ ಗೋಡೆಯ ಕಡೆ ಬಾಗಿದರು. ದ್ಯಾವಪ್ಪ ಅವರ ತೋಳು ಹಿಡಿದ.

"ಇಣುಕಬ್ಯಾಡ್ರಿ. ಇಣುಕಬಾರದು."

ಆಮೇಲೆ ಹಲಗೆ ಎತ್ತಿದ. ಈ ದಿನದ ಹುಕುಮನ್ನು ಅವನು ಸಾರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ನುಂಗಿಕೊಂಡಿದ್ದನ್ನು ಸಾರಿದ.

"ಊರಾಗ ಬ್ಯಾನಿ ಬಂದೈತ್ರಪೋ! ಮನಿ ಬಿಡ್ರಪೋ! ಹಲಗಿ ಸಪ್ಪಳದ ಬೆನ್ನು ಹತ್ರಪೋ!"

ಒಂದೊಂದು ಮನೆಯ ಮುಂದೆ ಮೂರು ಮೂರು ಸಲ. ಈ ಸಲ "ಕೇಳೀವಿ" ಎಂಬ ಮಾತು ಬರಲಿಲ್ಲ. ಬಾಗಿಲೇ ಇಲ್ಲದ ಮನೆಗಳಿಂದ ಚಿಲಕ ತೆಗೆದ ಸದ್ದು ಬಂತು. ಒಂಬತ್ತು ಸಲ ಬಂತು. ಹುಚ್ಚೀರಪ್ಪನವರ ತುಟಿ ಎಣಿಸುತ್ತಿದ್ದುದನ್ನು ದ್ಯಾವಪ್ಪ ನೋಡಿದ.

ಇಬ್ಬರೂ ತಿರುಗಿ ನೋಡದೆ ನಡೆದರು. ಹಲಗೆ ಬಡಿಯುತ್ತಲೇ ಇತ್ತು. ಬೆನ್ನ ಹಿಂದೆ ಒಮ್ಮೆ ಬಳೆ ಸದ್ದು, ಒಮ್ಮೆ ಮುದುಕರ ಕೆಮ್ಮು. ಎರಡು ಹರದಾರಿಯುದ್ದಕ್ಕೂ ಧೂಳು ಅವರ ಹಿಂದೆಯೇ ಏಳುತ್ತಿತ್ತು, ಮುಂದೆ ಏಳಲಿಲ್ಲ.

ಹೊಸ ಊರಿನ ಬಾವಿಯ ಹತ್ತಿರ ಹಸನಬೀ ಎಂಬಾಕೆ ನೀರು ಸೇದುತ್ತಿದ್ದಳು. ಹಲಗೆ ಕೇಳಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಜೊತೆಯ ಹೆಂಗಸರಿಗೆ "ಕೊಡ ಸರಸ್ರೇ, ಇಷ್ಟು ಮಂದಿ ಬರಾಕತ್ತೈತಿ, ದಾರಿ ಬಿಡ್ರಿ" ಎಂದಳು. ಹತ್ತಿರ ಬಂದವರು ಇಬ್ಬರೇ. ಆದರೂ ಕೊಡವನ್ನು ಮತ್ತೆ ದಾರಿಗೆ ಇಡಲಿಲ್ಲ, ಬಹಳ ಹೊತ್ತು ಅದನ್ನು ಸೊಂಟದ ಮೇಲೆಯೇ ಹಿಡಿದುಕೊಂಡು ನಿಂತಳು.

ಹೊಸ ಊರಿನ ಸ್ಮಶಾನಕ್ಕೆ ಬಿಟ್ಟ ಬಯಲಿನಲ್ಲಿ ಹಲಗೆ ನಿಂತಿತು. ಹುಚ್ಚೀರಪ್ಪನವರು ಜೇಬಿನಿಂದ ದಾರ ತೆಗೆದುಕೊಟ್ಟರು. ದ್ಯಾವಪ್ಪ ಒಂದೊಂದೇ ಗಂಟು ಬಿಚ್ಚಿದ. ಬಿಗಿದು ಕೂತಿದ್ದವು. ಒಂಬತ್ತನೆಯದನ್ನು ಬಿಚ್ಚಲು ಹಲ್ಲು ಹಚ್ಚಬೇಕಾಯಿತು.

ಗುರುವಾರ ಸಭೆಯಲ್ಲಿ ಹುಚ್ಚೀರಪ್ಪನವರು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಆ ಒಂಬತ್ತು ಮನೆಯವರು ಸೋಮವಾರ ಊರು ಬಿಟ್ಟರು. ನಾನು ಜೊತೆಗಿದ್ದೆ. ಇನ್ನು ಸರಕಾರ ತನ್ನ ಕೆಲಸ ಮಾಡಬಹುದು," ಎಂದು ಕೂತರು. ಸದಸ್ಯರು ಮೇಜು ತಟ್ಟಿ ನಕ್ಕರು. ಲೇವಿಯ ಚರ್ಚೆಯ ದಿನ ಅವರು ಎದ್ದಾಗ ಅರ್ಧ ಸಭೆ ಖಾಲಿಯಾಯಿತು. ಉಳಿದ ಅರ್ಧಕ್ಕೆ ಅವರು ಹಳ್ಳಿಹಳ್ಳಿಯ ಗಂಟು ಎಣಿಸಿ ಹೇಳಿದರು, ಒಂದನ್ನೂ ಬಿಡಲಿಲ್ಲ.

ಆ ಸೋಮವಾರ ಸಂಜೆ ದ್ಯಾವಪ್ಪ ಮನೆಗೆ ಬಂದು ಹಲಗೆಯನ್ನು ಗೂಟಕ್ಕೆ ನೇತುಹಾಕಿದ. ದುರಗಮ್ಮ ರೊಟ್ಟಿ ಹಾಕಲು ಹೋದಳು.

"ಬ್ಯಾಡ. ಮಜ್ಜಿಗಿ ಕುಡದು ಬಂದೀನಿ," ಎಂದ.

"ಯಾರ ಮನ್ಯಾಗ?"

ದ್ಯಾವಪ್ಪ ಮೀಸೆ ಒರೆಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವನು ಮೀಸೆ ಒರೆಸಿದ ಪಂಚೆಯಲ್ಲಿ ಒಗ್ಗರಣೆಯ ಜೀರಿಗೆ ಇನ್ನೂ ಒದ್ದೆಯಾಗಿ ಅಂಟಿಕೊಂಡಿತ್ತು.