ಅರವತ್ತಮೂರರ ಅಂಗಿಯ ಬಣ್ಣ

ರಾಸ್ಕೋ ಮೇಬ್ರಿ ನಮ್ಮೂರ ಕಾಲ್ಡರ್ ಕಾಲೇಜಿನ ಫುಟ್‌ಬಾಲ್ ತಂಡದ ಬಟ್ಟೆ ಒಗೆದದ್ದು ನಲವತ್ತೆರಡು ವರ್ಷ. ಕೆಲಸ ಬಿಟ್ಟು ಇಪ್ಪತ್ತು ವರ್ಷವಾದರೂ ಬೆಳಿಗ್ಗೆ ಆರಕ್ಕೆ ಎದ್ದು ಸ್ಟೇಡಿಯಂ ತನಕ ನಡೆಯುವುದನ್ನು ಬಿಟ್ಟಿರಲಿಲ್ಲ. ಆ ಹೊತ್ತಿಗೆ ಗೇಟಿಗೆ ಬೀಗ ಹಾಕಿರುತ್ತಿತ್ತು. ಸರಳುಗಳ ಸಂದಿಯಿಂದ ಖಾಲಿ ಮೈದಾನವನ್ನು ಸ್ವಲ್ಪ ಹೊತ್ತು ನೋಡಿ, ಅಲ್ಲಿಂದ ನಮ್ಮ ಹೋಟೆಲಿಗೆ ಬರುತ್ತಿದ್ದರು. ಗೋಡೆ ಪಕ್ಕದ ಕೊನೆಯ ಸ್ಟೂಲು ಅವರದು. ಎರಡು ಮೊಟ್ಟೆ, ಒಂದು ಬಟ್ಟಲು ಬಿಸಿ ಜೋಳದ ಗಂಜಿ, ಅದಕ್ಕೆ ಬೆಣ್ಣೆ, ಉಪ್ಪು. ಪಕ್ಕದವರು ಯಾರಾದರೂ ಗಂಜಿಗೆ ಸಕ್ಕರೆ ಹಾಕಿಕೊಂಡರೆ ಮುಖ ಆಚೆ ತಿರುಗಿಸಿಬಿಡುತ್ತಿದ್ದರು.

ಈ ಹೋಟೆಲು ನಮ್ಮಮ್ಮ ಶುರು ಮಾಡಿದ್ದು. ರೈಲುಹಳಿಯ ಈಚೆ, ನಾವು ಕರಿಯರು ಇರುವ ಕಡೆ. ಅಮ್ಮನ ಕಾಲದಲ್ಲಿ ಹಳಿಯಾಚೆಯ ಬಿಳಿಯರು ಇತ್ತ ಕಾಲಿಡುತ್ತಿರಲಿಲ್ಲ. ಅವರ ಹೋಟೆಲಿನಲ್ಲಿ ನಾವು ಕೂರುವಂತಿರಲಿಲ್ಲ. ಈಗ ಶನಿವಾರ ಆಟವಿದ್ದರೆ ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಜಾಗಕ್ಕೆ ಕಾಯುತ್ತಾರೆ. ಅಲಬಾಮದಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಈ ಆಟದ ಮುಂದೆ ಮಿಕ್ಕಿದ್ದೆಲ್ಲ ಆಮೇಲೆ.

ಹೋದ ವರ್ಷ ಆಗಸ್ಟಿನಲ್ಲಿ ಕಾಲೇಜಿನವರು ಒಂದು ಸುದ್ದಿ ಹೊರಡಿಸಿದರು. ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಬರುವ ಅಕ್ಟೋಬರಿನ ಪಂದ್ಯಕ್ಕೆ ನಮ್ಮ ಹುಡುಗರು ಅರವತ್ತಮೂರನೇ ಇಸವಿಯ ತಂಡದ ಅಂಗಿಯನ್ನು ಹಾಗೇ ಹೊಲಿಸಿ ತೊಡುತ್ತಾರೆ ಎಂದು. ಆ ವರ್ಷ ಕಾಲ್ಡರ್ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಆಮೇಲೆ ಅಂಥ ವರ್ಷ ಬರಲೂ ಇಲ್ಲ.

ಅವತ್ತಿನಿಂದ ನನ್ನ ಹೋಟೆಲು ಸಂತೆಯಾಯಿತು. ಅಂಗಿ ಕಡುನೀಲಿ ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ತೋಳಿನ ಎರಡು ಪಟ್ಟೆ, ಎದೆ ಮೇಲಿನ ಅಂಕಿ, ಇವು ಯಾವ ಬಣ್ಣ ಅನ್ನುವುದೇ ಜಗಳ. ಫೋಟೋಗಳೆಲ್ಲ ಕಪ್ಪುಬಿಳುಪು. ಕಾಲೇಜಿನ ಗಾಜಿನ ಬೀರುವಿನಲ್ಲಿ ಉಳಿದಿದ್ದ ಒಂದೇ ಒಂದು ಅಂಗಿ ಕಿಟಕಿಯ ಬಿಸಿಲು ತಿಂದು ತಿಂದು ಬೂದು ಬಣ್ಣಕ್ಕೆ ತಿರುಗಿತ್ತು.

"ಸಾಸಿವೆ ಹಳದಿ ಕಣ್ರೀ, ಗಾಢವಾಗಿತ್ತು. ತೊಟ್ಟೋನು ನಾನು, ನನಗೇ ಪಾಠ ಹೇಳ್ತೀರಾ?" ಎಂದರು ವೆಂಡೆಲ್ ಸ್ಟ್ರೌಡ್. ಎಂಬತ್ತೊಂದು ವರ್ಷದ ಬಿಳಿಯ ಮುದುಕರು. ಆ ತಂಡದಲ್ಲೇ ಆಡಿದವರು, ಆಮೇಲೆ ಅರ್ಧ ಊರಿಗೆ ವಿಮೆ ಮಾರಿದವರು.

"ನಮ್ಮಪ್ಪ ಮೊದಲನೇ ಮ್ಯಾಚು ನೋಡಿದ್ದ. ನಿಂಬೆಹಣ್ಣಿನ ಥರ ತಿಳಿಯಾಗಿತ್ತು ಅಂತಿದ್ದ," ಎಂದ ಅಂಚೆಯವನು.

"ನಿಮ್ಮಪ್ಪ ಅವತ್ತು ಏನು ಏರಿಸ್ಕೊಂಡು ಬಂದಿದ್ನೋ!"

"ನಮ್ಮತ್ತೆ ಬಿಳೀ ಪಟ್ಟೆ ಅಂತಾರಪ್ಪ," ಎಂದು ಮೂಲೆಯಿಂದ ಒಬ್ಬಾಕೆ.

"ನಿಮ್ಮತ್ತೇನ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಮ್ಮ!"

ಹೀಗೆ ಮೂರು ವಾರ. ಒಂದು ಬೆಳಿಗ್ಗೆ ಡೇರಿಯಸ್ ಕೋಲ್ಬರ್ಟ್ ಮೇಜು ಕುಟ್ಟಿದ. ಅವನು ಎಪ್ಪತ್ತೊಂಬತ್ತರ ತಂಡದಲ್ಲಿ ಆಡಿದವನು, ರಾಸ್ಕೋ ಅವರ ಹಾಗೆ ನಮ್ಮ ಕರಿಯರವನು, ಶಾಲಾ ಮಾಸ್ತರ.

"ಬಣ್ಣ ಯಾವುದಾದ್ರೇನ್ರೀ? ಆ ಅಂಗಿ ತೊಟ್ಟೋರಲ್ಲಿ ನಮ್ಮೋನು ಒಬ್ಬನಾದ್ರೂ ಇದ್ನಾ? ಈಗಿನ ತಂಡದಲ್ಲಿ ಮುಕ್ಕಾಲು ನಮ್ಮ ಹುಡುಗ್ರೇ. ಅವರ ಮೈಮೇಲೆ ಅದನ್ಯಾಕೆ ಹಾಕ್ತೀರಿ? ಎಪ್ಪತ್ತೊಂಬತ್ತರದ್ದು ಹೊಲಿಸ್ಲಿ."

"ಎಪ್ಪತ್ತೊಂಬತ್ತರಲ್ಲಿ ನೀವು ಗೆದ್ದಿದ್ದೇ ಮೂರು ಮ್ಯಾಚು ಡೇರಿಯಸ್!"

"ಮೂರೇ ಇರ್ಲಿ ಮಿಸ್ಟರ್ ಸ್ಟ್ರೌಡ್. ಎಲ್ರೂ ಸೇರಿ ಗೆದ್ದಿದ್ದು."

ನಾನು ಕಾಫಿ ಬಗ್ಗಿಸುವ ನೆಪದಲ್ಲಿ ಕೊನೆಯ ಸ್ಟೂಲಿನ ಕಡೆ ನೋಡಿದೆ. ರಾಸ್ಕೋ ಚಮಚ ಕೆಳಗಿಟ್ಟು ಗೋಡೆ ನೋಡುತ್ತ ಕೂತಿದ್ದರು.

ಅದೇ ವಾರ ಕಾಲೇಜಿನಲ್ಲಿ ಆಟದ ಸಾಮಾನಿನ ಕೋಣೆ ನೋಡಿಕೊಳ್ಳುವ ಟೀಗನ್ ಎಂಬ ಹುಡುಗಿ ಬಂದಳು. ಬಿಳಿಯರ ಹುಡುಗಿ, ಇಪ್ಪತ್ತಾರಿರಬಹುದು. ಕೈಯಲ್ಲಿ ಐದು ಬಟ್ಟೆಯ ತುಂಡು, ಬಿಳಿಯಿಂದ ಹಿಡಿದು ಗಾಢ ಸಾಸಿವೆ ಹಳದಿಯವರೆಗೆ.

"ಮಿಸ್ಟರ್ ಮೇಬ್ರಿ, ಹಳೇ ಪುಸ್ತಕದಲ್ಲಿ ನಿಮ್ಮ ಹೆಸರಿತ್ತು. ಆಗ ಬಟ್ಟೆ ಒಗೀತಿದ್ದೋರು ನೀವೊಬ್ರೇ ಅಂತೆ. ಇದ್ರಲ್ಲಿ ಯಾವುದು ಸರಿ, ಸ್ವಲ್ಪ ಹೇಳ್ತೀರಾ?"

ಅರವತ್ತು ವರ್ಷದಲ್ಲಿ ಇದನ್ನು ಅವರನ್ನು ಕೇಳಿದ್ದು ಅವಳೇ ಮೊದಲು. ನಾನೂ ಕೇಳಿರಲಿಲ್ಲ. ರಾಸ್ಕೋ ಕೈ ಒರೆಸಿಕೊಂಡು ಒಂದೊಂದೇ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು, ಬೆರಳಿನಲ್ಲಿ ಉಜ್ಜಿದರು.

"ಎಲ್ಲಾನೂ ಸರಿ ಕಣಮ್ಮ."

"ಎಲ್ಲಾನೂ ಅಂದ್ರೆ?"

"ನಿಂಗೆ ಯಾವ ವಾರದ್ದು ಬೇಕು, ಅದನ್ನ ಹೇಳು."

ಹೋಟೆಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಆಗ ರಾಸ್ಕೋ ಹೇಳಿದ್ದು ಇದು. ಅರವತ್ತಮೂರರಲ್ಲಿ ಹೊಸ ಅಂಗಿ ಬಂದಾಗ ಪಟ್ಟೆ, ಅಂಕಿ ಎಲ್ಲ ಅಚ್ಚ ಬಿಳಿ. ಮೊದಲ ಪಂದ್ಯದ ಹಿಂದಿನ ದಿನ ಊರಿನ ಮೆರವಣಿಗೆಗೆ ಅದನ್ನೇ ತೊಟ್ಟಿದ್ದರು. ಮೆರವಣಿಗೆ ಮುಗಿದ ಮೇಲೆ ರಾಸ್ಕೋ ಅವಸರದಲ್ಲಿ ಅವನ್ನು ಅಭ್ಯಾಸದ ಹಳದಿ ಬನಿಯನ್ನುಗಳ ಜೊತೆ ಒಂದೇ ಯಂತ್ರಕ್ಕೆ ಹಾಕಿಬಿಟ್ಟರು. ತೆಗೆದು ನೋಡಿದರೆ ಬಿಳಿಯೆಲ್ಲ ನಿಂಬೆ ಬಣ್ಣ.

"ಕೋಚು ನನ್ನನ್ನ ಹೊಡೆಯೋದೊಂದು ಬಾಕಿ. ಸಂಜೆ ಹೊತ್ತಿಗೆ ಕೆಲಸ ಬಿಟ್ಟು ಮನೆಗೆ ಹೋಗು ಅಂದ. ಬೇರೆ ಅಂಗಿ ಇರ್ಲಿಲ್ಲ, ಅದ್ರಲ್ಲೇ ಆಡಿದ್ರು. ನಲವತ್ತು ವರ್ಷದಿಂದ ಸೋಲಿಸಕ್ಕಾಗದೆ ಇದ್ದ ತಂಡಾನ ಹೊಡೆದು ಹಾಕಿದ್ರು. ಸೋಮವಾರ ಬಂದು ಕೋಚು ಏನಂದ ಗೊತ್ತಾ? 'ಅದೇ ಥರ ಒಗಿ. ಯಾರಿಗೂ ಹೇಳಬೇಡ.' ವಾರವಾರ ಹಂಗೇ ಒಗೆದೆ. ಬನಿಯನ್ ಬಣ್ಣ ಬಿಡೋದು ನಿಂತ ಮೇಲೆ ಅಂಗಡಿಯಿಂದ ಬಣ್ಣದ ಪುಡಿ ತಂದು ಕಲಸಿದೆ. ವಾರಕ್ಕೊಂದಿಷ್ಟು ಏರ್ತಾ ಹೋಯ್ತು."

ವೆಂಡೆಲ್ ಬಾಯಿ ತೆರೆದುಕೊಂಡೇ ಕೇಳುತ್ತಿದ್ದರು. "ಅಂದ್ರೆ ಮೂರು ವಾರದಿಂದ ನಾವು ಹೊಡೆದಾಡ್ತಿರೋದು ಅರವತ್ತು ವರ್ಷದ ಹಿಂದೆ ನೀನು ಮಾಡಿದ ತಪ್ಪಿಗಾ ರಾಸ್ಕೋ?"

"ಹೌದು ಮಿಸ್ಟರ್ ಸ್ಟ್ರೌಡ್, ನಂದೇ."

ನಗು ಹೋಟೆಲಿನ ಸೂರು ಹಾರಿಸುವಂತೆ ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಡೇರಿಯಸ್. ಮೂಲೆಯಾಕೆ ಆಗಲೇ ಅತ್ತೆಗೆ ಫೋನು ಹಚ್ಚಿದ್ದಳು.

"ಹಾಗಾದ್ರೆ ಯಾವ ವಾರದ್ದು ತಗೊಳ್ಳಲಿ?" ಎಂದಳು ಟೀಗನ್.

"ಆರನೇ ವಾರದ್ದು," ಎಂದರು ರಾಸ್ಕೋ ತಟ್ಟನೆ. ನಾಲ್ಕನೆಯ ತುಂಡನ್ನು ಅವಳ ಕೈಗಿಟ್ಟರು.

"ಆರನೇದೇ ಯಾಕೆ?" ಎಂದು ಡೇರಿಯಸ್ ಕೇಳಿದ.

ರಾಸ್ಕೋ ಟೋಪಿ ತೆಗೆದುಕೊಂಡರು. "ಚೆನ್ನಾಗಿತ್ತು, ಅಷ್ಟೇ," ಎಂದು ಬಾಗಿಲ ಕಡೆ ಹೊರಟರು.

"ಕೂತ್ಕೊಳ್ಳಿ ರಾಸ್ಕೋ," ಎಂದರು ವೆಂಡೆಲ್. ಇಷ್ಟು ವರ್ಷ ರಾಸ್ಕೋಗೆ ಅವರ ಬಾಯಲ್ಲಿ 'ನೀನು' ಬಿಟ್ಟು ಇನ್ನೊಂದು ಬಂದಿರಲಿಲ್ಲ. ರಾಸ್ಕೋ ನಿಂತರು, ಕೂರಲಿಲ್ಲ. ವೆಂಡೆಲ್ ಡೇರಿಯಸ್ ಕಡೆ ತಿರುಗಿ ಹೇಳತೊಡಗಿದರು.

"ಆರನೇ ವಾರದ ಮಂಗಳವಾರ. ಅಭ್ಯಾಸದಲ್ಲಿ ನಮ್ಮ ಎದುರು ಆಡೋ ಹುಡುಗ್ರಲ್ಲಿ ಇಬ್ಬರಿಗೆ ಜ್ವರ. ಕೋಚು ಇವರನ್ನ ಕೂಗಿದ, 'ಏಯ್ ಬಟ್ಟೆ ಒಗಿಯೋನೇ, ಓಡಕ್ಕೆ ಬರುತ್ತಾ?' ಅಂತ. ತಲೆಗೊಂದು ಹೆಲ್ಮೆಟ್ ಕೊಟ್ಟ, ಅಂಗಿ ಕೊಡ್ಲಿಲ್ಲ. ಇವರು ಒಗೆಯೋ ಕೋಣೆ ಬನಿಯನ್ನಲ್ಲೇ ಬಂದ್ರು. ನಾಲ್ಕು ಸಲ ಚೆಂಡು ಕೊಟ್ರು. ನಾಲ್ಕು ಸಲಾನೂ ನನ್ನ ಕಡೆಯಿಂದಾನೇ ಹೋದ್ರು. ಒಂದು ಸಲಾನೂ ಮೈ ಮುಟ್ಟಕ್ಕಾಗ್ಲಿಲ್ಲ ನಂಗೆ. ಆ ವರ್ಷ ನನ್ನ ದಾಟಿ ಹೋದೋನು ಇನ್ಯಾರೂ ಇಲ್ಲ. ಕೋಚು ಸೀಟಿ ಊದಿ, 'ಸಾಕು, ಹೋಗಿ ಬಟ್ಟೆ ನೋಡು' ಅಂದ. ಇವರು ಹೆಲ್ಮೆಟ್ ತೆಗೆದು ಒರೆಸಿ ಬೆಂಚಿನ ಮೇಲಿಟ್ಟು ಹೋದ್ರು. ನಾವು ಸ್ನಾನ ಮುಗಿಸೋ ಹೊತ್ತಿಗೆ ನಮ್ಮ ಬಟ್ಟೆಗಳೆಲ್ಲ ಮಡಚಿ ಜೋಡಿಸಿತ್ತು."

ವೆಂಡೆಲ್ ಮುಂದಿದ್ದ ಲೋಟವನ್ನು ಒಂದು ಸುತ್ತು ತಿರುಗಿಸಿದರು. "ಅವತ್ತು ನಾನೊಂದು ಮಾತು ಹೇಳಬಹುದಿತ್ತು. ಹೇಳ್ಲಿಲ್ಲ."

"ನೀವು ಹೇಳಿದ್ರೂ ಏನೂ ಆಗ್ತಿರ್ಲಿಲ್ಲ ಮಿಸ್ಟರ್ ಸ್ಟ್ರೌಡ್."

"ಆಗ್ತಿರ್ಲಿಲ್ಲ. ಆದ್ರೂ."

ರಾಸ್ಕೋ ತಲೆಯಾಡಿಸಿ ಹೊರಟುಹೋದರು.

ಅವರು ನಮ್ಮವರ ಶಾಲೆಯಲ್ಲಿದ್ದಾಗ ಓಟದಲ್ಲಿ ಯಾರೂ ಸರಿಸಾಟಿ ಇರಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಒಂದೇ ಮಧ್ಯಾಹ್ನದಲ್ಲಿ ಐದು ಸಲ ಚೆಂಡನ್ನು ಕೊನೆಯ ಗೆರೆ ದಾಟಿಸಿದ್ದರಂತೆ. ಕರಿಯರನ್ನೂ ಸೇರಿಸಿಕೊಳ್ಳುತ್ತಿದ್ದ ಉತ್ತರದ ಒಂದು ಕಾಲೇಜಿನಿಂದ ಆಟಕ್ಕೆ ಕರೆ ಬಂದಿತ್ತು. ತಂದೆ ಹಾಸಿಗೆ ಹಿಡಿದಿದ್ದರಿಂದ ಹೋಗಲಾಗಲಿಲ್ಲ. ಕಾಲ್ಡರ್ ಇದ್ದದ್ದು ಮನೆಯಿಂದ ಒಂದು ಮೈಲಿ. ಆದರೆ ಅಲ್ಲಿ ನಮ್ಮವರಿಗೆ ತೆರೆದಿದ್ದು ಹಿಂಬಾಗಿಲು ಮಾತ್ರ. ಅದರ ಮೂಲಕವೇ ಒಳಗೆ ಹೋದರು, ಒಗೆಯುವ ಕೆಲಸಕ್ಕೆ.

ಮಾರನೆಯ ದಿನ ಹೋಟೆಲು ಖಾಲಿಯಿದ್ದಾಗ ನಾನು ಕೇಳಿಯೇಬಿಟ್ಟೆ. "ಮಿಸ್ಟರ್ ರಾಸ್ಕೋ, ಅಷ್ಟು ವರ್ಷದಲ್ಲಿ ಒಂದು ಸಲಾನಾದ್ರೂ ಆ ಅಂಗಿ ತೊಟ್ಟು ನೋಡ್ಲಿಲ್ವಾ? ಒಬ್ರೇ ಇರ್ತಿದ್ರಲ್ಲ."

"ತೊಟ್ರೆ ತೆಗೀಬೇಕಲ್ಲ ಮಗಳೇ," ಎಂದರು. ಆಮೇಲೆ ಅವರೇ ಮುಂದುವರಿಸಿದರು. "ಭುಜ ಹಿಡಿದು ಕೊಡವುವಾಗ ಒಂದು ಗಳಿಗೆ ಎದುರಿಗೆ ಹಿಡ್ಕೋತಿದ್ದೆ. ನಲವತ್ತೊಂದನೇ ನಂಬರಿಂದು ನನ್ನ ಅಳತೆ. ಎಪ್ಪತ್ತೊಂದರಲ್ಲಿ ನಮ್ಮೋನು ಮೊದಲನೇ ಹುಡುಗ ತಂಡಕ್ಕೆ ಬಂದ. ನಂಗಾಗ ಇಪ್ಪತ್ತೊಂಬತ್ತು, ಎರಡು ಮಕ್ಳು. ಅವನ ಅಂಗೀನ ಮೊದಲನೇ ವಾರ ಯಂತ್ರಕ್ಕೆ ಹಾಕ್ಲಿಲ್ಲ, ಕೈಯಲ್ಲೇ ಒಗೆದೆ. ಸಂತೋಷಕ್ಕೆ ಕಣ್ಣಲ್ಲಿ ನೀರು. ಹೊಟ್ಟೇನೂ ಉರೀತು, ಸುಳ್ಳು ಯಾಕೆ ಹೇಳಲಿ. ಮನೆಗೆ ಹೋಗಿ ಐಡೆಲ್ಲಾಗೆ ಎರಡನ್ನೂ ಹೇಳಿದೆ. ಅವಳು ಊಟಕ್ಕೆ ಬಡಿಸಿದಳು." ಐಡೆಲ್ಲಾ ಅವರ ಹೆಂಡತಿ. ತೀರಿಕೊಂಡು ಒಂಬತ್ತು ವರ್ಷ.

ಅಕ್ಟೋಬರು ಬಂತು. ಅರವತ್ತಮೂರರ ತಂಡದಲ್ಲಿ ಬದುಕಿರುವ ಏಳು ಜನರನ್ನು ಆಟದ ಮೊದಲು ಮೈದಾನದ ನಡುವೆ ನಿಲ್ಲಿಸಿ ಚಪ್ಪಾಳೆ ಹೊಡೆಸುವ ಏರ್ಪಾಡಾಗಿತ್ತು. ವೆಂಡೆಲ್ ಕಾಲೇಜಿನವರ ಹತ್ತಿರ ಹೋಗಿ, ರಾಸ್ಕೋ ಕೂಡ ನಮ್ಮ ಜೊತೆ ನಿಲ್ಲಬೇಕು ಎಂದು ಹಟ ಹಿಡಿದು ಒಪ್ಪಿಸಿದರು. ಹಿಗ್ಗಿನಿಂದ ಹೋಟೆಲಿಗೆ ಓಡಿ ಬಂದು ಹೇಳಿದರೆ ರಾಸ್ಕೋ ತಲೆ ಅಲ್ಲಾಡಿಸಿದರು.

"ಬೇಡ ಮಿಸ್ಟರ್ ಸ್ಟ್ರೌಡ್. ನಾನು ಆ ತಂಡದಲ್ಲಿ ಇರ್ಲಿಲ್ಲ. ಈಗ ಅಲ್ಲಿ ನಿಂತ್ರೆ, ಇದ್ದೆ ಅಂತ ಜನ ಅಂದ್ಕೋತಾರೆ. ಮೊಮ್ಮಕ್ಕಳೂ ಅಂದ್ಕೋತಾರೆ. ಅದು ಸುಳ್ಳಾಗುತ್ತೆ."

"ನಿಮ್ಮನ್ನ ಗೌರವಿಸೋಣ ಅಂತ..."

"ಗೊತ್ತು. ನಿಮ್ಮ ಮನಸ್ಸು ದೊಡ್ಡದು. ಆದ್ರೆ ನಂಗೆ ಬೇಕಾಗಿದ್ದು ಚಪ್ಪಾಳೆ ಅಲ್ಲ. ಬೇಕಾಗಿದ್ದಿದ್ದು ಈಗ ಯಾರ ಹತ್ರಾನೂ ಇಲ್ಲ, ಯಾರೂ ಕೊಡಕ್ಕಾಗಲ್ಲ."

ವೆಂಡೆಲ್ ಅವತ್ತು ಕಾಫಿ ಕುಡಿಯದೆ ಎದ್ದು ಹೋದರು.

ಆ ಶನಿವಾರ ಹೋಟೆಲಿಗೆ ಬೀಗ ಹಾಕಿ ನಾನೂ ರಾಸ್ಕೋ ಜೊತೆ ಹೋದೆ. ಪೂರ್ವದ ಕಡೆ ಹನ್ನೆರಡನೇ ಸಾಲಿನಲ್ಲಿ ಕೂತೆವು. ಹಿಂದಿನ ಸಾಲಿನಲ್ಲಿ ಡೇರಿಯಸ್, ಕೈಕಟ್ಟಿಕೊಂಡು. "ಬಣ್ಣ ನಿಮ್ಮದು ಅಂತ ಬಂದಿದೀನಿ ಮಿಸ್ಟರ್ ರಾಸ್ಕೋ, ಒಪ್ಪಿಕೊಂಡು ಅಲ್ಲ. ಮುಂದಿನ ವರ್ಷ ಎಪ್ಪತ್ತೊಂಬತ್ತರದ್ದು ಆಗ್ಲೇಬೇಕು," ಎಂದ. ಮೈದಾನದಲ್ಲಿ ಮುದುಕರ ಹೆಸರು ಕೂಗುತ್ತಿದ್ದರು. ಆರೇ ಜನ ನಿಂತಿದ್ದರು. ಅಷ್ಟರಲ್ಲಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ ವೆಂಡೆಲ್, "ಸ್ವಲ್ಪ ಜರುಗಿ," ಎಂದು ರಾಸ್ಕೋ ಪಕ್ಕ ಕೂತರು.

"ಅಲ್ಲಿರಬೇಕಲ್ವಾ ನೀವು, ಮಿಸ್ಟರ್ ಸ್ಟ್ರೌಡ್?"

"ವೆಂಡೆಲ್ ಅನ್ನಿ ಸಾಕು."

"ನಂಗೆ ಎಂಬತ್ತೆರಡು, ಇನ್ನು ನಾಲಿಗೆ ತಿರುಗಲ್ಲ ಬಿಡಿ."

ಹುಡುಗರು ಸ್ಟೇಡಿಯಂ ಕೆಳಗಿನ ಸುರಂಗದಿಂದ ಓಡಿ ಬಂದರು. ಕಡುನೀಲಿ, ತೋಳಿನ ಮೇಲೆ ಆ ಆರನೇ ವಾರದ ಹಳದಿ. ಬಿಸಿಲು ಬಿದ್ದು ಹೊಳೆಯಿತು. ಇಡೀ ಸ್ಟೇಡಿಯಂ ಎದ್ದು ನಿಂತಿತು. ರಾಸ್ಕೋ ಎದ್ದೇಳಲಿಲ್ಲ, ಮುಂದಿನವರ ಬೆನ್ನುಗಳ ನಡುವಿನಿಂದಲೇ ನೋಡಿದರು.

ನಾವು ಅವತ್ತು ಸೋತೆವು. ಆಟದ ಕೊನೆಯ ಭಾಗದಲ್ಲಿ ಸಣಕಲು ಹುಡುಗನೊಬ್ಬ ಚೆಂಡು ಹಿಡಿದು ಅಂಚಿನ ಗುಂಟ ಓಡತೊಡಗಿದ. ನಾವು ಕೂತಿದ್ದ ಹಲಗೆ ಅದುರಿದಂತಾಯಿತು. ಬಗ್ಗಿ ನೋಡಿದೆ. ರಾಸ್ಕೋ ಅವರ ಎರಡೂ ಪಾದಗಳು ಸಿಮೆಂಟಿನ ಮೇಲೆ ಟಪಟಪನೆ ಬಡಿಯುತ್ತಿದ್ದವು, ಸಣ್ಣ ಸಣ್ಣ ಬಿರುಸಿನ ಹೆಜ್ಜೆ. ಎಡಮೊಣಕೈಯನ್ನು ಚೆಂಡು ಅವುಚಿದ ಹಾಗೆ ಪಕ್ಕೆಗೆ ಒತ್ತಿ ಹಿಡಿದಿದ್ದರು. ಬಾಯಿ ಅರ್ಧ ತೆರೆದಿತ್ತು. ತಾವೇನು ಮಾಡುತ್ತಿದ್ದೇವೆ ಎಂಬ ಪರಿವೆಯೇ ಅವರಿಗಿರಲಿಲ್ಲ. ವೆಂಡೆಲ್ ಕೂಡ ಅದನ್ನು ನೋಡಿದರು. ತಮ್ಮ ಎರಡು ಕಾಲನ್ನೂ ಮೆಲ್ಲಗೆ ಪಕ್ಕಕ್ಕೆ ಎಳೆದುಕೊಂಡು, ಆ ಪಾದಗಳಿಗೆ ಜಾಗ ಬಿಟ್ಟರು.